ಏರುದಾರಿಯೂ ಹಲ್ಲಿನ ಚಕ್ರವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವಗಳಲ್ಲಿ ಒಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರಿಂದ ಅಪ್ಪಣೆ ಬಂದಾಗ, ಅಕ್ಕತಂಗಿಯರಾದ ನಾವಿಬ್ಬರೂ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆವು. ಪ್ರಾತಃಕಾಲದ ಪ್ರಾರ್ಥನೆ, ಹೊಲಿಗೆಯ ತರಗತಿ, ಕ್ರಿಸ್ಮಸ್ ಹಬ್ಬದ ನಾಟಕ ಮೊದಲಾದವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಆದುದರಿಂದ ಬೇರೆಯವರು ಬಹುಶಃ ಬರೆಯದೆ ಬಿಡುವ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇವೆ. ಅದು ಶಾಲೆಯ ಬಾಗಿಲಿನವರೆಗೆ ಬರುವ ಏರುದಾರಿ; ಮತ್ತು ಆ ಏರುದಾರಿಯನ್ನು ಬೈಸಿಕಲ್ಲಿನ ಮೇಲೆ ಕುಳಿತು ಹತ್ತಲು ನಮಗೆ ಸುಮಾರು ಐವತ್ತು ವರ್ಷಗಳು ಏಕೆ ಹಿಡಿದವು ಎಂಬುದು.

ಮಂಗಳೂರಿನ ನೆಲವು ಸಮತಟ್ಟಾದುದಲ್ಲವೆಂದು ಆ ಊರನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಸಮುದ್ರದಂಡೆಯಿಂದ ಒಳಗೆ ಬಂದಂತೆಲ್ಲ ಮುರಕಲ್ಲಿನ ಗುಡ್ಡಗಳು ಒಂದರ ಹಿಂದೊಂದು ಏಳುತ್ತವೆ; ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವುದೆಂದರೆ ಇಳಿಯುವುದು ಇಲ್ಲವೆ ಹತ್ತುವುದು. ನಮ್ಮ ಶಾಲೆಯೂ ಅಂತಹ ಒಂದು ಗುಡ್ಡದ ಮೇಲಿದೆ. ಕೆಳಗಿನ ರಸ್ತೆಯಿಂದ ಬಾಗಿಲಿನವರೆಗೆ ಸುಮಾರು ಮುನ್ನೂರು ಮೀಟರುಗಳ ದಾರಿ. ಹತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲಕ್ಕೆ ಹೋಗುವಷ್ಟು ಅದರ ಕಡಿದು. ನಡೆದು ಬರುವವರಿಗೆ ಅದು ಒಂದೆರಡು ಸಲ ನಿಂತು ಉಸಿರು ಬಿಡುವ ದಾರಿ. ಬೈಸಿಕಲ್ಲಿನವರಿಗೋ ಅದು ಇಳಿದು ತಳ್ಳುವ ದಾರಿ.

೧೯೭೪ನೆಯ ಇಸವಿಯಲ್ಲಿ ನಮ್ಮ ತಂದೆಯವರು ನಮಗೆಂದು ಒಂದು ಹಳೆಯ ಲೇಡೀಸ್ ಸೈಕಲ್ಲನ್ನು ಕೊಂಡು ತಂದರು. ಆಗ ನಮ್ಮಲ್ಲಿ ಹಿರಿಯಳು ಒಂಬತ್ತನೆಯ ತರಗತಿಯಲ್ಲಿಯೂ ಕಿರಿಯಳು ಏಳನೆಯ ತರಗತಿಯಲ್ಲಿಯೂ ಇದ್ದೆವು. ಸಮನೆಲದಲ್ಲಿ ಹಿರಿಯಳು ಪೆಡಲು ತುಳಿಯುವಳು, ಕಿರಿಯಳು ಕ್ಯಾರಿಯರಿನ ಮೇಲೆ ಕೂರುವಳು. ಗುಡ್ಡದ ಬುಡಕ್ಕೆ ಬಂದೊಡನೆ ಇಬ್ಬರೂ ಇಳಿದು, ಒಬ್ಬಳು ಹ್ಯಾಂಡಲನ್ನೂ ಇನ್ನೊಬ್ಬಳು ಕ್ಯಾರಿಯರನ್ನೂ ಹಿಡಿದು ತಳ್ಳುತ್ತ ಏರುತ್ತಿದ್ದೆವು. ಬೈಸಿಕಲ್ಲು ಇದ್ದೂ ಅನೇಕ ದಿನ ನಾವು ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆಯೇ ಬಾಗಿಲನ್ನು ಸೇರುತ್ತಿದ್ದೆವು.

ಒಂದು ಸಾಯಂಕಾಲ ಮನೆಗೆ ಬಂದಿದ್ದ ನಮ್ಮ ಸೋದರಮಾವನು ಈ ಸಮಾಚಾರವನ್ನು ಕೇಳಿ ನಕ್ಕು, "ಗುಡ್ಡ ಹತ್ತುವುದು ಹುಡುಗರ ಕೆಲಸ ಕಣ್ರೇ. ನಿಮ್ಮ ಕಾಲಿಗೆ ಅಷ್ಟು ಬಲ ಎಲ್ಲಿಂದ ಬರಬೇಕು?" ಎಂದನು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮಾತು ಹಿರಿಯಳಿಗೆ ಮುಳ್ಳಿನಂತೆ ನಾಟಿತು. ಮಾರನೆಯ ದಿನ ಬೆಳಗ್ಗೆ ಗುಡ್ಡದ ಬುಡದಲ್ಲಿ ಕಿರಿಯಳನ್ನು ಇಳಿಸಿ, ಪುಸ್ತಕದ ಗಂಟನ್ನು ಕ್ಯಾರಿಯರಿಗೆ ಬಿಗಿದು, ದೂರದಿಂದಲೇ ವೇಗವಾಗಿ ತುಳಿಯುತ್ತ ಬಂದು ಅವಳು ಏರನ್ನು ಹಿಡಿದಳು. ದಾರಿಯ ಎರಡು ಕಡೆಯಲ್ಲಿಯೂ ನಡೆದು ಹೋಗುತ್ತಿದ್ದ ಹುಡುಗಿಯರು ನಿಂತು ನೋಡಿದರು. ಮೊದಲಿನ ನೂರು ಮೀಟರು ಓಟದ ರಭಸದಿಂದಲೇ ಕಳೆಯಿತು. ಅನಂತರ ವೇಗ ತಗ್ಗಿತು. ಅವಳು ಸೀಟಿನಿಂದ ಎದ್ದು, ಮೈಯ ಭಾರವನ್ನೆಲ್ಲ ಒಂದು ಪೆಡಲಿನ ಮೇಲೆಯೂ ಮತ್ತೆ ಇನ್ನೊಂದರ ಮೇಲೆಯೂ ಹಾಕಿದಳು. ಅರ್ಧದಾರಿಯನ್ನು ದಾಟಿದ ಮೇಲೆ ಒಂದು ಪೆಡಲು ನೆಟ್ಟಗೆ ಮೇಲಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ಬೈಸಿಕಲ್ಲು ಮುಂದಕ್ಕೂ ಹೋಗಲಿಲ್ಲ. ಅವಳಿಗೆ ಕಾಲು ಕೆಳಗಿಡಲು ಅವಕಾಶವೂ ಆಗಲಿಲ್ಲ. ಹಿಂದಿನಿಂದ ಓಡಿ ಬಂದ ಕಿರಿಯಳು ಕೈಚಾಚುವಷ್ಟರಲ್ಲಿ ಅವಳು ಮುರಕಲ್ಲಿನ ಮೇಲೆ ಬಿದ್ದಾಗಿತ್ತು.

ಮೊಣಕಾಲಿನ ಚಿಪ್ಪಿನ ಬಳಿ ಆದ ಗಾಯ ಮಾಯಲು ಮೂರು ವಾರ ಹಿಡಿಯಿತು. ಅಮ್ಮನು, "ಇನ್ನು ಆ ಸೈಕಲ್ಲಿನ ಸುದ್ದಿ ಬೇಡ. ನಡೆದೇ ಹೋಗಿ, ನಡೆದೇ ಬನ್ನಿ" ಎಂದು ಖಂಡಿತವಾಗಿ ಹೇಳಿದಳು. ಸೊಟ್ಟಗಾಗಿದ್ದ ಪೆಡಲನ್ನು ಸರಿಮಾಡಿಸಲು ತಂದೆಯವರು ಅದನ್ನು ಸೈಕಲ್ ಶಾಪಿಗೆ ಒಯ್ದಾಗ ಕಿರಿಯಳು ಜೊತೆಯಲ್ಲಿ ಹೋಗಿದ್ದಳು. ಅಲ್ಲಿನ ಮುದುಕನು ಚೈನನ್ನು ಬೆರಳಿನಿಂದ ಎತ್ತಿ ನೋಡಿ, "ಸ್ವಾಮೀ, ಮಗುವಿನ ಕಾಲಿನದು ತಪ್ಪಲ್ಲ. ಹಿಂದಿನ ಫ್ರೀವೀಲಿಗೆ ಹದಿನೆಂಟು ಹಲ್ಲು. ಇಪ್ಪತ್ತೆರಡರದ್ದು ಹಾಕಿಸಿದರೆ ಏರಿಗೆ ಹಗುರವಾಗ್ತದೆ. ಆದರೆ ಸಮದಾರಿಯಲ್ಲಿ ಕಾಲನ್ನು ಜಾಸ್ತಿ ತಿರುಗಿಸಬೇಕಾಗ್ತದೆ" ಎಂದನು. ತಂದೆಯವರು ತಲೆಯಾಡಿಸಿದರು. ಒಂದು ತಿಂಗಳೊಳಗೆ ಬೈಸಿಕಲ್ಲು ಮಾರಿಹೋಯಿತು. ಮುದುಕನ ಮಾತನ್ನು ನಾವು ಮರೆತೆವು. ಮಾವನ ಮಾತನ್ನು ಮಾತ್ರ ಮರೆಯಲಿಲ್ಲ.

ಇದರಲ್ಲಿ ಬರೆಯತಕ್ಕದ್ದೇನಿದೆ, ಮಕ್ಕಳು ಬೀಳುತ್ತಾರೆ, ಏಳುತ್ತಾರೆ ಎಂದು ವಾಚಕರು ಕೇಳಬಹುದು. ನಿಜ, ಗಾಯವು ಮಾಯಿತು. ಆದರೆ ನಮ್ಮ ಕಾಲಿಗೆ ಬಲವಿಲ್ಲವೆಂಬ ತೀರ್ಪು ಮಾಯಲಿಲ್ಲ. ಅದನ್ನು ನಾವು ಸತ್ಯವೆಂದೇ ನಂಬಿ ಬೆಳೆದೆವು. ಅದಕ್ಕಿಂತ ಹೆಚ್ಚಾಗಿ, ಮುಂದೆ ಅಂತಹುದೇ ತೀರ್ಪನ್ನು ನಾವೇ ಇತರರಿಗೆ ಹೇಳಿದೆವು. ಆ ಮಾತನ್ನು ಕಡೆಯಲ್ಲಿ ಹೇಳುತ್ತೇವೆ.

ಎರಡು ವರ್ಷಗಳ ಕೆಳಗೆ ರಜೆಗೆ ಬಂದ ಮೊಮ್ಮಗಳು ತನ್ನ ಬೈಸಿಕಲ್ಲನ್ನೂ ತಂದಿದ್ದಳು. ಅದರ ಮುಂದೆ ಮೂರು ಹಲ್ಲಿನ ಚಕ್ರಗಳು, ಹಿಂದೆ ಏಳು. ಹ್ಯಾಂಡಲಿನಲ್ಲಿ ಎರಡು ಗುಂಡಿಗಳು. "ಅಜ್ಜೀ, ಇದರಲ್ಲಿ ಇಪ್ಪತ್ತೊಂದು ಗೇರು ಇವೆ. ಇದಕ್ಕೆ ನಿಮ್ಮ ಶಾಲೆಯ ಗುಡ್ಡ ಯಾವ ಲೆಕ್ಕ?" ಎಂದಳು. ಹಾಗೆಂದು ನಮ್ಮೆದುರಿಗೇ ಆ ಏರನ್ನು ಸೀಟಿನಿಂದ ಏಳದೆ ಹತ್ತಿ, ಮೇಲೆ ನಿಂತು ಕೈಬೀಸಿದಳು. ಅವಳು ಬಡಕಲು ಹುಡುಗಿ. ಹಿರಿಯಳು ಆ ವಯಸ್ಸಿನಲ್ಲಿ ಅವಳಿಗಿಂತ ಗಟ್ಟಿಯಾಗಿದ್ದಳು. ಹಾಗಾದರೆ ಐವತ್ತು ವರ್ಷಗಳ ಹಿಂದೆ ಕೊರತೆಯಾದದ್ದು ಯಾವುದು? ಆ ಸಾಯಂಕಾಲ ನಾವು ಮೂವರೂ ಜಗಲಿಯಲ್ಲಿ ಕುಳಿತು, ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಹಿರಿಯಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸಿದವಳಾದರೂ ಈ ಲೆಕ್ಕವನ್ನು ಮಾಡಿದ್ದು ಅದೇ ಮೊದಲು.

ನಮ್ಮ ಹಳೆಯ ಬೈಸಿಕಲ್ಲಿನ ಮಾದರಿಯದರಲ್ಲಿ ಮುಂದಿನ ಹಲ್ಲಿನ ಚಕ್ರಕ್ಕೆ ೪೪ ಹಲ್ಲು, ಹಿಂದಿನದಕ್ಕೆ ೧೮. ಎಂದರೆ ಪೆಡಲು ಒಂದು ಸುತ್ತು ಬಂದಾಗ ಹಿಂದಿನ ಗಾಲಿಯು ಸುಮಾರು ಎರಡೂವರೆ ಸುತ್ತು ಹೋಗುತ್ತದೆ. ಗಾಲಿಯ ವ್ಯಾಸ ೨೮ ಅಂಗುಲ. ಆದುದರಿಂದ ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ಲು ಸುಮಾರು ೫.೪೬ ಮೀಟರು ಮುಂದೆ ಹೋಗುತ್ತದೆ. ಆ ಒಂದು ಸುತ್ತಿನಲ್ಲಿ ಕಾಲು ಎಷ್ಟು ದೂರ ಚಲಿಸುತ್ತದೆ? ಪೆಡಲಿನ ತೋಳಿನ ಉದ್ದ ೧೭ ಸೆಂಟಿಮೀಟರೆಂದು ಇಟ್ಟುಕೊಂಡರೆ ಕಾಲಿನ ದಾರಿ ೧.೦೭ ಮೀಟರು ಮಾತ್ರ. ಕಾಲು ಒಂದು ಮೀಟರು ಚಲಿಸಿದರೆ ಬೈಸಿಕಲ್ಲು ಐದು ಮೀಟರು ಓಡುತ್ತದೆ. ಸಮನೆಲದಲ್ಲಿ ಇದೇ ಬೈಸಿಕಲ್ಲಿನ ಉಪಕಾರ. ಆದರೆ ಸೃಷ್ಟಿಯಲ್ಲಿ ಯಾವುದೂ ಬೆಲೆ ತೆರದೆ ದೊರೆಯುವುದಿಲ್ಲ. ದೂರವು ಐದು ಪಾಲು ಆದ ಹಾಗೆಯೇ ಕಾಲು ಒತ್ತಬೇಕಾದ ಭಾರವೂ ಐದು ಪಾಲಾಗುತ್ತದೆ.

ಆಗ ಹಿರಿಯಳ ತೂಕ ೪೫ ಕಿಲೋಗ್ರಾಂ, ಬೈಸಿಕಲ್ಲು ಮತ್ತು ಪುಸ್ತಕಗಳ ತೂಕ ೨೫ ಎಂದು ಹಿಡಿಯೋಣ, ಒಟ್ಟು ೭೦. ಹತ್ತಕ್ಕೆ ಒಂದರಂತೆ ಏರುವ ದಾರಿಯಲ್ಲಿ ಈ ಭಾರದ ಹತ್ತನೆಯ ಒಂದು ಪಾಲು, ಎಂದರೆ ೭ ಕಿಲೋಗ್ರಾಮಿನಷ್ಟು, ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಗಾಳಿಯ ತಡೆಯನ್ನೂ ಟೈರಿನ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಪೆಡಲಿನ ಮೇಲೆ ಸರಾಸರಿ ೩೬ ಕಿಲೋಗ್ರಾಮಿನ ಒತ್ತಡ ಬೇಕು. ಅಷ್ಟೇ ಆಗಿದ್ದರೆ ಹೇಗಾದರೂ ನಡೆಯುತ್ತಿತ್ತು. ಆದರೆ ಕಾಲು ಒತ್ತುವುದು ನೆಟ್ಟಗೆ ಕೆಳಮುಖವಾಗಿ. ಪೆಡಲು ತಿರುಗುವುದು ವೃತ್ತದಲ್ಲಿ. ಪೆಡಲಿನ ತೋಳು ಅಡ್ಡವಾಗಿರುವಾಗ ಮಾತ್ರ ಒತ್ತಡವೆಲ್ಲ ಸಾರ್ಥಕವಾಗುತ್ತದೆ. ನೆಟ್ಟಗೆ ನಿಂತಾಗ ಎಷ್ಟು ತುಳಿದರೂ ವ್ಯರ್ಥ. ಈ ನಷ್ಟವನ್ನೂ ಸೇರಿಸಿದರೆ ಕಾಲು ಸುಮಾರು ೫೬ ಕಿಲೋಗ್ರಾಮಿನ ಭಾರವನ್ನು ಒತ್ತಬೇಕೆಂದು ಲೆಕ್ಕ ಬರುತ್ತದೆ. ೪೫ ಕಿಲೋಗ್ರಾಂ ತೂಗುವ ಹುಡುಗಿಯು ಪೆಡಲಿನ ಮೇಲೆ ಎದ್ದು ನಿಂತರೂ ಬೀಳುವ ಭಾರ ೪೫ ತಾನೆ? ಉಳಿದದ್ದನ್ನು ಅವಳು ಹ್ಯಾಂಡಲನ್ನು ಮೇಲಕ್ಕೆ ಎಳೆದು ತೋಳುಗಳಿಂದ ಸಂಪಾದಿಸಬೇಕು. ಅದು ಹತ್ತು ಸುತ್ತು ನಡೆದೀತು. ಐವತ್ತೈದು ಸುತ್ತು ನಡೆಯಲಾರದು.

ಲೆಕ್ಕವು ಇಲ್ಲಿಗೆ ಬಂದಾಗ ಹಿರಿಯಳು ಪೆನ್ಸಿಲನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳು ಮುಗ್ಗರಿಸಿದ್ದು ಧೈರ್ಯ ಸಾಲದೆಯೂ ಅಲ್ಲ, ಹೆಣ್ಣಾದುದರಿಂದಲೂ ಅಲ್ಲ. ಆ ಹಲ್ಲಿನ ಚಕ್ರಗಳು ಅವಳ ಮೈತೂಕಕ್ಕಿಂತ ಹೆಚ್ಚಿನದನ್ನು ಅವಳ ಒಂದು ಕಾಲಿನಿಂದ ಕೇಳಿದ್ದವು.

ಇನ್ನು ಮೊಮ್ಮಗಳ ಬೈಸಿಕಲ್ಲು. ಅದರ ಅತ್ಯಂತ ಕೆಳಗಿನ ಗೇರಿನಲ್ಲಿ ಮುಂದೆಯೂ ೨೮ ಹಲ್ಲು, ಹಿಂದೆಯೂ ೨೮. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಮುಂದೆ ಹೋಗುವುದು ಕೇವಲ ೨.೦೭ ಮೀಟರು. ಒಟ್ಟು ಭಾರ ಅದೇ ೭೦ ಕಿಲೋಗ್ರಾಮೆಂದು ಇಟ್ಟರೂ ಕಾಲು ಒತ್ತಬೇಕಾದದ್ದು ೫೬ಕ್ಕೆ ಬದಲಾಗಿ ೨೧ ಕಿಲೋಗ್ರಾಂ. ಇದನ್ನು ಸೀಟಿನ ಮೇಲೆ ಕುಳಿತುಕೊಂಡೇ ಒತ್ತಬಹುದು.

ಹಾಗಾದರೆ ಗೇರು ಬೆಟ್ಟವನ್ನು ತಗ್ಗಿಸಿತೆ? ಇಲ್ಲ. ಹಳೆಯ ಬೈಸಿಕಲ್ಲಿನಲ್ಲಿ ಮುನ್ನೂರು ಮೀಟರನ್ನು ಹತ್ತಲು ಪೆಡಲನ್ನು ೫೫ ಸಲ ತಿರುಗಿಸಬೇಕು. ಹೊಸದರಲ್ಲಿ ೧೪೫ ಸಲ. ೭೦ ಕಿಲೋಗ್ರಾಂ ಭಾರವನ್ನು ೩೦ ಮೀಟರು ಮೇಲಕ್ಕೆ ಒಯ್ಯುವ ಕೆಲಸ ಎರಡರಲ್ಲಿಯೂ ಒಂದೇ. ಅದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಗೇರು ಮಾಡುವುದು ಇಷ್ಟೇ: ಅದು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹಂಚಿಕೊಡುತ್ತದೆ. ನಮ್ಮ ಮನೆಗಳಲ್ಲಿ ಹಿಂದೆ ಹುಲ್ಲಿನಿಂದ ಕಟ್ಟಿದ ಅಕ್ಕಿಯ ಮುಡಿಯನ್ನು ಅಟ್ಟಕ್ಕೆ ಏರಿಸುತ್ತಿದ್ದುದನ್ನು ಹಿರಿಯರು ನೋಡಿದ್ದಾರೆ. ಬಲವಂತನಾದ ಆಳು ಅದನ್ನು ಒಂದೇ ಸಲಕ್ಕೆ ಹೊತ್ತು ಏರುವನು. ಅದೇ ಅಕ್ಕಿಯನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಮನೆಯ ಹೆಣ್ಣುಮಕ್ಕಳು ಹತ್ತು ಸಲ ಏರಿ ಮುಗಿಸುವರು. ಅಟ್ಟ ಸೇರಿದ ಅಕ್ಕಿ ಒಂದೇ. ಚಾರ್ಮಾಡಿ, ಆಗುಂಬೆ ಮೊದಲಾದ ಘಟ್ಟಗಳ ರಸ್ತೆಯೂ ಇದೇ ನ್ಯಾಯವನ್ನು ಅನುಸರಿಸಿದೆ. ನೆಟ್ಟಗೆ ಹತ್ತಲಾರದ ಗೋಡೆಯಂತಹ ಬೆಟ್ಟವನ್ನು ಇಂಜಿನಿಯರರು ತಿರುವಿನ ಮೇಲೆ ತಿರುವು ಹಾಕಿ, ದಾರಿಯನ್ನು ಉದ್ದಮಾಡಿ, ಗಾಡಿಗಳು ಹತ್ತುವಂತೆ ಮಾಡಿದ್ದಾರೆ. ಕೆಳಗಿನ ಗೇರೆಂದರೆ ಗಾಲಿಯೊಳಗೆ ಸುತ್ತಿಟ್ಟ ಘಟ್ಟದ ರಸ್ತೆಯೆಂದೇ ತಿಳಿಯಬಹುದು.

ಕೆಲಸವು ಒಂದೇ ಆದಮೇಲೆ ಹೇಗೆ ಮಾಡಿದರೇನು ಎಂದರೆ, ಮನುಷ್ಯನ ಕಾಲು ಉಗಿಯಂತ್ರವಲ್ಲ. ಕ್ಷಣಕ್ಷಣಕ್ಕೂ ಮೈಯ ಶಕ್ತಿಯನ್ನೆಲ್ಲ ಕೇಳಿದರೆ ಸ್ನಾಯುಗಳು ಬೇಗನೆ ಸೋಲುತ್ತವೆ. ಮೊಣಕಾಲಿನ ಕೀಲಿಗೆ ನೋವಾಗುತ್ತದೆ. ಕಡಿಮೆ ಒತ್ತಡವನ್ನು ಅನೇಕ ಸಲ ಕೇಳಿದರೆ ಉಸಿರು ಹೆಚ್ಚುವುದು ನಿಜ. ಆದರೂ ಹೃದಯವೂ ಶ್ವಾಸಕೋಶವೂ ಅದನ್ನು ಬಹಳ ಹೊತ್ತು ಒದಗಿಸಬಲ್ಲವು. ಗಂಟೆಗೆ ೫ ಕಿಲೋಮೀಟರು, ಎಂದರೆ ನಡೆಯುವವನ ವೇಗದಲ್ಲಿ ಗುಡ್ಡ ಹತ್ತುವಾಗ, ಹಳೆಯ ಬೈಸಿಕಲ್ಲಿನ ಪೆಡಲು ನಿಮಿಷಕ್ಕೆ ೧೫ ಸುತ್ತು ಮಾತ್ರ ಬರುತ್ತದೆ. ಒಂದೊಂದು ಸುತ್ತಿಗೂ ನಾಲ್ಕು ಸೆಕೆಂಡು. ಪ್ರತಿಯೊಂದು ಸುತ್ತಿನಲ್ಲಿಯೂ ಪೆಡಲು ನೆಟ್ಟಗೆ ನಿಲ್ಲುವ ಆ ಬರಿದಾದ ಗಳಿಗೆಯನ್ನು ದಾಟಿಸಲು ರಭಸವೇ ಉಳಿದಿರುವುದಿಲ್ಲ. ಹೊಸದರಲ್ಲಿ ಅದೇ ವೇಗಕ್ಕೆ ನಿಮಿಷಕ್ಕೆ ೪೦ ಸುತ್ತು. ಕಾಲು ನಿಲ್ಲದೆ ತಿರುಗುತ್ತದೆ. ಹಿರಿಯಳು ಬಿದ್ದದ್ದು ಆ ಬರಿದಾದ ಗಳಿಗೆಯಲ್ಲಿ.

"ಇದನ್ನು ಮೊದಲು ಕಂಡುಹಿಡಿದವರು ಯಾರು ಅಜ್ಜೀ?" ಎಂದು ಮೊಮ್ಮಗಳು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಅನಂತರ ಕಿರಿಯಳು ಪುಸ್ತಕಗಳನ್ನು ತರಿಸಿ ಓದಿದಳು. ಓದಿ ತಿಳಿದದ್ದರಲ್ಲಿ ನಮ್ಮ ಶಾಲೆಯ ಹುಡುಗಿಯರಿಗೆ ಹಿತವಾಗುವ ಭಾಗವನ್ನು ಇಲ್ಲಿ ಹೇಳುತ್ತೇವೆ.

ಮೊದಮೊದಲಿನ ಎತ್ತರದ ಬೈಸಿಕಲ್ಲುಗಳಿಗೆ ಚೈನೇ ಇರಲಿಲ್ಲ. ಪೆಡಲನ್ನು ಮುಂದಿನ ಗಾಲಿಗೇ ಜೋಡಿಸಿದ್ದರು. ವೇಗ ಬೇಕಾದರೆ ಗಾಲಿ ದೊಡ್ಡದಾಗಬೇಕು. ಸವಾರನ ಕಾಲು ಎಷ್ಟು ಉದ್ದವೋ ಗಾಲಿಯೂ ಅಷ್ಟೇ ದೊಡ್ಡದು. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ರೋವರ್ ಎಂಬ ಬೈಸಿಕಲ್ಲನ್ನು ಹೊರತಂದರು. ಅದರಲ್ಲಿ ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ಏರ್ಪಾಡಿತ್ತು. ಅಂದಿನಿಂದ ಹಲ್ಲುಗಳ ಪ್ರಮಾಣವನ್ನು ಬೇಕಾದಂತೆ ಆರಿಸಿಕೊಳ್ಳಲು ಸಾಧ್ಯವಾಯಿತು. ತಗ್ಗಾದ ಗಾಲಿಗಳ ಈ ಬೈಸಿಕಲ್ಲನ್ನು ಸ್ತ್ರೀಯರೂ ಸುಲಭವಾಗಿ ಏರುವಂತಾಯಿತು. ಮದ್ಯಪಾನ ನಿರೋಧಕ್ಕಾಗಿ ದುಡಿದ ಅಮೇರಿಕದ ಕ್ರೈಸ್ತ ಮಹಿಳೆ ಫ್ರಾನ್ಸಿಸ್ ವಿಲ್ಲರ್ಡ್ ಎಂಬವರು ಐವತ್ತಮೂರನೆಯ ವಯಸ್ಸಿನಲ್ಲಿ ಬೈಸಿಕಲ್ ಸವಾರಿಯನ್ನು ಕಲಿತು, ೧೮೯೫ರಲ್ಲಿ ಆ ವಿಷಯವಾಗಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಆದರೆ ಆಯ್ದುಕೊಂಡ ಪ್ರಮಾಣವು ಒಂದೇ ಆಗಿದ್ದರೆ ಅದು ಸಮನೆಲಕ್ಕೆ ಒಪ್ಪೀತು, ಇಲ್ಲವೆ ಏರಿಗೆ ಒಪ್ಪೀತು, ಎರಡಕ್ಕೂ ಒಪ್ಪಲಾರದು. ಸೈಕಲ್ ಶಾಪಿನ ಮುದುಕನು ಹೇಳಿದ್ದು ಇದನ್ನೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಟ್ಟಣದ ಸ್ಟರ್ಮಿ-ಆರ್ಚರ್ ಸಂಸ್ಥೆಯವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಹಿಂದಿನ ಗಾಲಿಯ ಗುಂಬದೊಳಗೆ ಚಿಕ್ಕ ಹಲ್ಲಿನ ಚಕ್ರಗಳನ್ನು ಅಡಗಿಸಿ ಮೂರು ಗೇರುಗಳನ್ನು ಕೊಟ್ಟರು. ೧೯೩೬ರಲ್ಲಿ ಅವರು ಹೊರತಂದ ಮಾದರಿಯಲ್ಲಿ ಕೆಳಗಿನ ಗೇರು ನಡುವಿನದರ ಮುಕ್ಕಾಲು ಪಾಲಾಗಿಯೂ ಮೇಲಿನದು ಅದರ ಒಂದೂಮೂರರೊಂದು ಪಾಲಾಗಿಯೂ ಇತ್ತು. ಫ್ರಾನ್ಸಿನಲ್ಲಿಯಾದರೋ ಚೈನನ್ನೇ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಉಪಾಯವನ್ನು ಬೆಳೆಸಿದರು. ಸೇಂಟ್ ಎತ್ಯೆನ್ ಎಂಬ ಬೆಟ್ಟದ ಸೀಮೆಯ ಊರಿನಲ್ಲಿದ್ದ ಪೌಲ್ ದ ವಿವೀ ಎಂಬವರು ತಮ್ಮ ಪತ್ರಿಕೆಯಲ್ಲಿ ಅನೇಕ ವರ್ಷ ಇದರ ಪರವಾಗಿ ವಾದಿಸಿದರು. ಅವರು ವೆಲೋಸಿಯೊ ಎಂಬ ಅಂಕಿತದಿಂದ ಪ್ರಸಿದ್ಧರು.

ಇಷ್ಟು ಪ್ರಯೋಜನವುಳ್ಳ ವಸ್ತುವನ್ನು ಜನರು ಒಡನೆಯೇ ಸ್ವೀಕರಿಸಿರಬೇಕಷ್ಟೆ? ಇಲ್ಲ. ಗೇರನ್ನು ಬಳಸುವುದು ದುರ್ಬಲರ ಲಕ್ಷಣವೆಂಬ ಭಾವನೆ ಪಂದ್ಯದವರಲ್ಲಿ ಗಟ್ಟಿಯಾಗಿ ಬೇರೂರಿತ್ತು. ೧೯೦೨ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬಿನವರು ಬೆಟ್ಟದ ದಾರಿಯಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಅದರಲ್ಲಿ ಎದುವಾರ್ ಫಿಷರ್ ಎಂಬ ಪ್ರಸಿದ್ಧ ಪಂದ್ಯಗಾರನು ಒಂದೇ ಗೇರಿನ ಬೈಸಿಕಲ್ಲಿನ ಮೇಲೂ, ಮಾರ್ಥ್ ಹೆಸ್ ಎಂಬ ಮಹಿಳೆಯು ಮೂರು ಗೇರಿನ ಬೈಸಿಕಲ್ಲಿನ ಮೇಲೂ ಹೊರಟರು. ಆಕೆಯು ದಾರಿಯುದ್ದಕ್ಕೂ ಕಾಲನ್ನು ನೆಲಕ್ಕೆ ಊರದೆ ಬಂದು, ಆ ಪಂದ್ಯಗಾರನನ್ನು ಮೀರಿಸಿದಳೆಂದು ಬೈಸಿಕಲ್ಲಿನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಈ ಸಂಗತಿಯನ್ನು ಓದಿದಂದು ನಾವಿಬ್ಬರೂ ನಮ್ಮ ಸೋದರಮಾವನನ್ನು ನೆನೆದು ನಕ್ಕೆವು. ಅವನು ಈಗ ನಮ್ಮೊಡನಿಲ್ಲ.

ಇಷ್ಟಾದರೂ ಪಂದ್ಯಗಳನ್ನು ನಡೆಸುತ್ತಿದ್ದ ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕರಿಗೆ ಗೇರು ರುಚಿಸಲಿಲ್ಲ. ಅದು ನಡುವಯಸ್ಸು ದಾಟಿದವರಿಗೆ ತಕ್ಕದ್ದೆಂದೂ, ಸ್ನಾಯುಬಲದಿಂದ ಗೆಲ್ಲುವುದೇ ಮೇಲೆಂದೂ ಅವರ ಅಭಿಪ್ರಾಯ. ಅವರು ೧೯೦೩ರಲ್ಲಿ ಆರಂಭಿಸಿದ ಟೂರ್ ದ ಫ್ರಾನ್ಸ್ ಎಂಬ ಮಹಾಪಂದ್ಯವು ೧೯೧೦ರಲ್ಲಿ ಪಿರನೀಸ್ ಪರ್ವತಗಳ ಟೂರ್ಮಾಲೆ ಎಂಬ ಕಣಿವೆದಾರಿಯನ್ನು ಮೊದಲ ಸಲ ಹತ್ತಿತು. ಅದರ ಎತ್ತರ ಸಮುದ್ರಮಟ್ಟದಿಂದ ೨,೧೧೫ ಮೀಟರು. ಆ ವರ್ಷದ ಪಂದ್ಯವನ್ನು ಗೆದ್ದ ಒಕ್ತಾವ್ ಲಾಪೀಜ್ ಎಂಬ ವೀರನು ಆ ಏರಿನಲ್ಲಿ ಬೈಸಿಕಲ್ಲನ್ನು ತಳ್ಳುತ್ತ ನಡೆಯುತ್ತಿರುವ ಚಿತ್ರವು ಈಗಲೂ ಪ್ರಸಿದ್ಧವಾಗಿದೆ. ಆ ಕಾಲದ ಪಂದ್ಯಗಾರರು ಹಿಂದಿನ ಗಾಲಿಯ ಎರಡು ಪಕ್ಕದಲ್ಲಿಯೂ ಒಂದೊಂದು ಹಲ್ಲಿನ ಚಕ್ರವನ್ನು ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು ಗಾಲಿಯನ್ನು ತಿರುವಿ ಹಾಕಿಕೊಳ್ಳುತ್ತಿದ್ದರು. ಚೈನನ್ನು ದಾಟಿಸುವ ಉಪಕರಣಕ್ಕೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು ೧೯೩೭ರಲ್ಲಿ. ಹೀಗೆ ಮಾರ್ಥ್ ಹೆಸ್ ತೋರಿಸಿಕೊಟ್ಟದ್ದನ್ನು ಬಲಶಾಲಿಗಳಾದ ಗಂಡಸರು ಒಪ್ಪಿಕೊಳ್ಳಲು ಮೂವತ್ತೈದು ವರ್ಷಗಳಾದವು. ಮಹಾವೀರನೆನಿಸಿದವನೇ ತಳ್ಳಿಕೊಂಡು ಹೋದಮೇಲೆ ಶಾಲೆಯ ಹುಡುಗಿಯರು ತಳ್ಳಿದರೆ ನಾಚಿಕೆಯೇನು?

ಇನ್ನು ನಮ್ಮ ಕಥೆಗೆ ಬರುತ್ತೇವೆ. ಲೆಕ್ಕವನ್ನು ಮಾಡಿದ ಮೇಲೆ ಅದು ನಿಜವೋ ಸುಳ್ಳೋ ನೋಡಬೇಕೆಂದು ಹಿರಿಯಳಿಗೆ ಹಂಬಲ ಹುಟ್ಟಿತು. ಅರುವತ್ತನ್ನು ದಾಟಿದ ಹೆಂಗಸು ಬೈಸಿಕಲ್ಲು ಹತ್ತುವುದೆಂದರೆ ನೆರೆಹೊರೆಯವರಿಗೆ ವಿನೋದವಾಗದೆ ಇರದು. ಮೊದಲು ವೈದ್ಯರಿಗೆ ಹೃದಯವನ್ನೂ ಮೊಣಕಾಲನ್ನೂ ತೋರಿಸಿದೆವು. ಅನಂತರ ಎರಡು ವಾರ ಬೆಳಗಿನ ಜಾವದಲ್ಲಿ ಒಂದು ಬಯಲಿನಲ್ಲಿ ಅಭ್ಯಾಸ ಮಾಡಿದೆವು. ಮೊಮ್ಮಗಳು ಗುರುವಾದಳು. ಅವಳು ಕಲಿಸಿದ ಪಾಠಗಳನ್ನು ಹಳೆಯ ಸಹಪಾಠಿಗಳ ಉಪಯೋಗಕ್ಕಾಗಿ ಬರೆಯುತ್ತೇವೆ. ಏರು ಆರಂಭವಾಗುವುದಕ್ಕೆ ಮುಂಚೆಯೇ ಗೇರನ್ನು ಇಳಿಸಿಕೊಳ್ಳಬೇಕು. ಏರಿನ ನಡುವೆ ಪೆಡಲನ್ನು ಬಲವಾಗಿ ಒತ್ತುತ್ತಿರುವಾಗ ಚೈನು ಸರಿಯಾಗಿ ದಾಟದೆ ಸಿಕ್ಕಿಕೊಳ್ಳುವುದುಂಟು. ಗೇರನ್ನು ಬದಲಾಯಿಸುವಾಗ ಪೆಡಲು ತಿರುಗುತ್ತಿರಬೇಕು, ಆದರೆ ಕಾಲಿನ ಒತ್ತಡವನ್ನು ಆ ಕ್ಷಣ ಸಡಿಲಿಸಬೇಕು. ಆರಂಭದಲ್ಲಿ ಅವಸರಪಟ್ಟು ಶಕ್ತಿಯನ್ನು ವೆಚ್ಚಮಾಡಬಾರದು. ಗೇರನ್ನು ಅತಿಯಾಗಿ ಇಳಿಸಿದರೂ ತೊಂದರೆಯೇ; ಬೈಸಿಕಲ್ಲು ತೀರ ನಿಧಾನವಾದರೆ ಹ್ಯಾಂಡಲು ಓಲಾಡುತ್ತದೆ. ಮೇಲೆ ಎಷ್ಟು ಉಳಿದಿದೆಯೆಂದು ತಲೆಯೆತ್ತಿ ನೋಡುತ್ತಿರದೆ ಮುಂದಿನ ಹತ್ತು ಮಾರು ದಾರಿಯನ್ನು ನೋಡಬೇಕು. ಈ ಕೊನೆಯದು ನಮ್ಮದೇ ಅನುಭವ.

ಒಂದು ಭಾನುವಾರ ಬೆಳಗ್ಗೆ, ಆರಾಧನೆಗೆ ಇನ್ನೂ ಬಹಳ ಹೊತ್ತಿರುವಾಗ, ಹಿರಿಯಳು ಗುಡ್ಡದ ಬುಡದಲ್ಲಿ ಬೈಸಿಕಲ್ಲನ್ನು ಹತ್ತಿದಳು. ಕಿರಿಯಳು ಹಿಂದಿನಂತೆಯೇ ಪಕ್ಕದಲ್ಲಿ ನಡೆದಳು. ವೇಗವು ನಡಿಗೆಯ ವೇಗವೇ ಆದುದರಿಂದ ಇಬ್ಬರೂ ಜೊತೆಯಾಗಿಯೇ ಇದ್ದೆವು. ಬಿದ್ದಿದ್ದ ಸ್ಥಳವು ಬಂದಾಗ ನಾವಿಬ್ಬರೂ ಮಾತಾಡಲಿಲ್ಲ. ಅಲ್ಲಿ ಈಗ ಮುರಕಲ್ಲಿಲ್ಲ, ಕಾಂಕ್ರೀಟು ಹಾಕಿದ್ದಾರೆ. ಪೆಡಲು ನೆಟ್ಟಗೆ ಮೇಲಕ್ಕೆ ಬಂದಿತು, ದಾಟಿತು. ಮತ್ತೆ ಬಂದಿತು, ಮತ್ತೆ ದಾಟಿತು. ಕಿರಿಯಳು ಮನಸ್ಸಿನಲ್ಲಿಯೇ ಸುತ್ತುಗಳನ್ನು ಎಣಿಸುತ್ತಿದ್ದಳು. ನೂರರ ಮೇಲೆ ಎಣಿಕೆ ತಪ್ಪಿತು. ಶಾಲೆಯ ಬಾಗಿಲಿನ ಮುಂದೆ ಹಿರಿಯಳು ಬ್ರೇಕು ಹಾಕಿ ಕಾಲೂರಿದಾಗ ಅವಳಿಗೆ ಏದುಸಿರು ಬಂದಿತ್ತು. ಆದರೆ ಮೊಣಕಾಲು ನೋಯಲಿಲ್ಲ. ಕಾವಲಿನವನು ಹೊರಗೆ ಬಂದು, "ಏನಮ್ಮಾ, ಈ ವಯಸ್ಸಿನಲ್ಲಿ?" ಎಂದು ಕೇಳಿದನು. "ಪ್ರಾರ್ಥನೆಯ ಗಂಟೆ ಆಯಿತೇನಪ್ಪಾ?" ಎಂದು ಹಿರಿಯಳು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ.

ಕಡೆಯಲ್ಲಿ ಹೇಳುತ್ತೇವೆಂದ ಮಾತನ್ನು ಈಗ ಹೇಳಬೇಕು. ನಮ್ಮಲ್ಲಿ ಹಿರಿಯಳು ಗಣಿತದ ಉಪಾಧ್ಯಾಯಿನಿಯಾಗಿದ್ದಳೆಂದು ಹೇಳಿದೆವಷ್ಟೆ. ಕಿರಿಯಳು ದಾದಿಯರ ತರಬೇತಿಯ ಶಾಲೆಯಲ್ಲಿ ಕಲಿಸುತ್ತಿದ್ದಳು. ಹಿಂದೆ ಬಿದ್ದ ಹುಡುಗಿಯರಿಗೆ ನಾವಿಬ್ಬರೂ ಹೇಳುತ್ತಿದ್ದುದು ಒಂದೇ ಮಾತು: ಇನ್ನೂ ಕಷ್ಟಪಡು, ಇನ್ನೂ ಬಲವಾಗಿ ಪ್ರಯತ್ನಿಸು. ಎಷ್ಟು ಪ್ರಯತ್ನಿಸಿದರೂ ಏಳದವಳನ್ನು, ಇವಳಿಗೆ ಶಕ್ತಿಯಿಲ್ಲವೆಂದೋ ಮನಸ್ಸಿಲ್ಲವೆಂದೋ ತೀರ್ಮಾನಿಸುತ್ತಿದ್ದೆವು. ಅವರಲ್ಲಿ ಕೆಲವರಾದರೂ ತಮ್ಮ ತೂಕಕ್ಕಿಂತ ಹೆಚ್ಚಿನ ಭಾರವನ್ನು ಒಂದೇ ಕಾಲಿನಿಂದ ಒತ್ತುತ್ತ, ಪೆಡಲು ನೆಟ್ಟಗೆ ನಿಂತ ಗಳಿಗೆಯಲ್ಲಿ ನಮ್ಮೆದುರಿಗೇ ಬಿದ್ದರೆಂದು ಈಗ ತೋರುತ್ತದೆ. ಒಂದು ದೊಡ್ಡ ಲೆಕ್ಕವನ್ನು ಐದು ಚಿಕ್ಕ ಲೆಕ್ಕಗಳನ್ನಾಗಿ ಒಡೆದು ಕೊಟ್ಟಿದ್ದರೆ, ಒಂದು ವಾರದ ಪಾಠಕ್ಕೆ ಎರಡು ವಾರ ಕೊಟ್ಟಿದ್ದರೆ, ಅವರೂ ಏರುತ್ತಿದ್ದರೋ ಏನೋ. ಕೆಲಸವು ಕಡಿಮೆಯಾಗುತ್ತಿರಲಿಲ್ಲ, ಸುತ್ತುಗಳು ಹೆಚ್ಚಾಗುತ್ತಿದ್ದವು, ಅಷ್ಟೆ. ಆ ಹುಡುಗಿಯರಲ್ಲಿ ಯಾರಾದರೂ ಈ ಪುಟವನ್ನು ಓದುತ್ತಿದ್ದರೆ ನಮ್ಮನ್ನು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇವೆ.

ತಂದೆತಾಯಿಗಳಿಗೂ ಒಂದು ಅರಿಕೆ. ಕರ್ನಾಟಕ ಸರ್ಕಾರವು ೨೦೦೬-೦೭ನೆಯ ಸಾಲಿನಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚಲಾರಂಭಿಸಿತು. ಅದರಿಂದ ದೂರದ ಶಾಲೆಗೆ ಹೋಗಲಾರದಿದ್ದ ಅನೇಕ ಹೆಣ್ಣುಮಕ್ಕಳಿಗೆ ದಾರಿಯಾಯಿತು. ಆದರೆ ಅವು ಒಂದೇ ಗೇರಿನವು. ಬಯಲುಸೀಮೆಗೆ ಒಪ್ಪಿದಷ್ಟು ಮಲೆನಾಡಿಗೂ ಕರಾವಳಿಯ ಗುಡ್ಡಗಳಿಗೂ ಒಪ್ಪುವಂತಹವಲ್ಲ. ನಿಮ್ಮ ಮಗಳು ಏರಿನಲ್ಲಿ ಇಳಿದು ತಳ್ಳುತ್ತಿದ್ದರೆ ಅವಳ ಕಾಲನ್ನು ಹಳಿಯುವುದಕ್ಕೆ ಮೊದಲು ಹಿಂದಿನ ಹಲ್ಲಿನ ಚಕ್ರವನ್ನು ಎಣಿಸಿ ನೋಡಿರಿ. ಹೊಸ ಬೈಸಿಕಲ್ಲನ್ನೇ ಕೊಳ್ಳಬೇಕಾಗಿಲ್ಲ. ಹದಿನೆಂಟರ ಬದಲು ಇಪ್ಪತ್ತೆರಡು ಹಲ್ಲಿನ ಫ್ರೀವೀಲನ್ನು ಹಾಕಿಸಿದರೆ ಕಾಲಿನ ಭಾರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ; ಚೈನನ್ನು ಸ್ವಲ್ಪ ಹೊಂದಿಸಬೇಕಾದೀತು. ಸೈಕಲ್ ಶಾಪಿನವನಿಗೆ ಅದು ಸ್ವಲ್ಪ ಹೊತ್ತಿನ ಕೆಲಸ. ಅವನು ಹೇಳುವ ಮಾತಿಗೂ ಸ್ವಲ್ಪ ಕಿವಿಗೊಡಿರಿ; ನಮ್ಮ ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ.

ನಮ್ಮ ಶಾಲೆಯು ಗುಡ್ಡದ ಮೇಲೆ ಇದೆ. ಅದನ್ನು ಕೆಳಗಿಳಿಸಬೇಕೆಂದು ನಾವು ಎಂದೂ ಬಯಸುವುದಿಲ್ಲ. ಅಲ್ಲಿಗೆ ಬರುವ ಮಕ್ಕಳು ತಮತಮಗೆ ತಕ್ಕ ಸುತ್ತಿನಲ್ಲಿ ಏರಿ ಬರಲಿ, ಬಾಗಿಲಲ್ಲಿ ನಿಂತವರು ಅವರು ಬರುವ ತನಕ ಕಾದಿರಲಿ ಎಂದು ದೇವರನ್ನು ಬೇಡಿಕೊಂಡು ಈ ಬರೆಹವನ್ನು ಮುಗಿಸುತ್ತೇವೆ.